ಗುಡಾರದ ರಾಣಿಯ ಹುಲಿ

ಗುರುವಾರ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಸುಮ್ಮನೆ ರೊಟ್ಟಿ ತಿಂದಿದ್ದರೆ ಹಂಪೇಶನಿಗೆ ಯಾವ ತೊಂದರೆಯೂ ಬರುತ್ತಿರಲಿಲ್ಲ. ಆದರೆ ಪಕ್ಕದ ಮೇಜಿನ ಜಡೆಪ್ಪ, ಈಗಿನ ಸಿನಿಮಾದವರು ಬಿಡಿಸುವ ಹುಲಿ ಎಷ್ಟು ಚೆಂದ ಇರುತ್ತದೆ ಎಂದುಬಿಟ್ಟ. ಹಂಪೇಶ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ವಾಪಸ್ ಇಟ್ಟ.

"ಕಂಪ್ಯೂಟರ್ ಹುಲಿ ಒಂದು ಹುಲಿಯೇನಲೇ? 'ಗುಡಾರದ ರಾಣಿ' ನೋಡೀಯೇನು? ಅದು ಸರ್ಕಸ್ ಪಿಚ್ಚರ್. ಅದು ಹುಲಿ!"

ಹಂಪೇಶ ಸಿರುಗುಪ್ಪದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮನೆ ಬಳ್ಳಾರಿಯ ಪಾರ್ವತಿನಗರದಲ್ಲಿ. ಬಸ್ಸಿನಲ್ಲಿ ಹೋಗಲು ಒಂದೂವರೆ ತಾಸು, ಬರಲು ಒಂದೂವರೆ ತಾಸು, ಹೀಗೆ ಹನ್ನೊಂದು ವರ್ಷ. ತೆಕ್ಕಲಕೋಟೆ ದಾರಿಯ ಒಂದೊಂದು ಗುಂಡಿಗೂ ಅವನ ಸೊಂಟದ ಗುರುತು ಸಿಗುತ್ತಿತ್ತು. ಡಾಕ್ಟರು ಸೊಂಟಕ್ಕೆ ಬೆಲ್ಟು ಕಟ್ಟಿಸಿ, "ಬಸ್ ಬಿಡ್ರಿ, ಇಲ್ಲಂದ್ರ ಸೊಂಟ ಬಿಡ್ರಿ" ಎಂದಿದ್ದರು. ಬಳ್ಳಾರಿ ಕಚೇರಿಯಲ್ಲಿ ಒಂದೇ ಒಂದು ಸೀಟು ಖಾಲಿಯಾಗಿತ್ತು. ಅದಕ್ಕೆ ಹಂಪೇಶನೂ ಅರ್ಜಿ ಹಾಕಿದ್ದ, ಜಡೆಪ್ಪನೂ ಹಾಕಿದ್ದ. ಸೋಮವಾರ ಅಧಿಕಾರಿ ಶೈಲಜಾ ಮೇಡಂ ಯಾರ ಹೆಸರು ಬರೆದು ಕಳಿಸುತ್ತಾರೋ ಅವರಿಗೆ ಆ ಸೀಟು.

ಆದರೆ ಆ ಹೊತ್ತಿನಲ್ಲಿ ಸೀಟು, ಸೊಂಟ ಎರಡೂ ಅವನಿಗೆ ನೆನಪಿರಲಿಲ್ಲ. ಕುರುಗೋಡಿನ ಟೂರಿಂಗ್ ಟಾಕೀಸಿನಲ್ಲಿ ತನ್ನ ಹತ್ತನೇ ವಯಸ್ಸಿನಲ್ಲಿ ನೆಲದ ಮೇಲೆ ಕೂತು ನೋಡಿದ ಸಿನಿಮಾವನ್ನು ಅವನು ಇಡೀ ಕಚೇರಿಗೆ ತೋರಿಸುತ್ತಿದ್ದ. ಉಯ್ಯಾಲೆಯ ಮೇಲೆ ಹಾರುವ ರಾಣಿ. ಬಾವಿಯಂಥ ಗೋಡೆಯ ಮೇಲೆ ಗಿರಗಿರ ತಿರುಗುವ ಮೋಟಾರ್ ಸೈಕಲ್ಲು. ಹೊಟ್ಟೆಕಿಚ್ಚಿನಿಂದ ಪಂಜರದ ಬಾಗಿಲು ತೆಗೆಯುವ ಮಾಲೀಕ.

"ಅಲ್ಲೀತನ ಕರಿ-ಬಿಳಿ ಪಿಚ್ಚರ್. ಹುಲಿ ಹಾರೋ ದೊಡ್ಡ ಕಬ್ಬಿಣದ ಬಳಿಗೆ ಬೆಂಕಿ ಹಚ್ಚತಾರ ನೋಡು, ಭಗ್ ಅಂತ ಎಲ್ಲಾ ಬಣ್ಣ! ಅಂಥಾ ಡೈರೆಕ್ಟರ್ ಅಂವ. ಹುಲಿ ಹಾರತೈತಿ. ಹೀರೋ ಎದುರಿಗೆ ಬರ್ತಾನ. ಈಗ ಮೀಸಿ ಬಂದಿರ್ತಾವ ಅಂವಗ."

"ಮೀಸಿ ಯಾವಾಗ ಬಂದ್ವು?" ಎಂದ ಜಡೆಪ್ಪ.

"ಹುಲಿಗೆ ಗುರ್ತು ಸಿಗಬಾರದಂತ ಹಚಿಗೊಂಡಿರ್ತಾನಲೇ. ಹುಲಿ ಮಾರಿ ಮುಂದ ನಿಂತು 'ರಾ ರಾ! ಚೂಸ್ಕುಂದಾಂ!' ಅಂತಾನ ನೋಡು, ಟೆಂಟಿನಾಗ ಶಿಳ್ಳಿ ಅಂದ್ರ ಶಿಳ್ಳಿ!"

"ಕನ್ನಡ ಪಿಚ್ಚರ್‌ನಾಗ ತೆಲುಗು ಯಾಕ ಮಾತಾಡ್ತಾನ?"

"ನಿನಗ ಸಿಟ್ಟು ನೆತ್ತಿಗೇರಿದಾಗ ನೀ ಯಾವ ಮಾತಿನಾಗ ಬೈತಿ?"

ಜಡೆಪ್ಪ ಆಂಧ್ರ ಗಡಿಯ ಮೋಕ ಊರಿನವನು. ಸ್ವಲ್ಪ ಯೋಚಿಸಿ, "ತೆಲುಗಿನಾಗ" ಎಂದ.

"ಮತ್ತ?"

ಆ ಸಂಶಯ ಅಲ್ಲಿಗೇ ತೀರಿತು. ಬಳ್ಳಾರಿ ಸೀಮೆಯಲ್ಲಿ ಸಿಟ್ಟು ಬಂದ ಮನುಷ್ಯ ತೆಲುಗಿಗೆ ತಿರುಗಿಕೊಂಡರೆ ಯಾರೂ ಕಾರಣ ಕೇಳುವುದಿಲ್ಲ.

ಕತೆ ಮುಗಿಯುವಾಗ ಬಾಗಿಲಲ್ಲಿ ಶೈಲಜಾ ಮೇಡಂ ನಿಂತಿದ್ದರು. ಹಂಪೇಶ ಹುಲಿಯಂತೆ ಎತ್ತಿದ್ದ ಎರಡೂ ಕೈಗಳನ್ನು ಮೆಲ್ಲನೆ ಇಳಿಸಿದ. ಮೇಡಂ ತಮ್ಮ ಕೋಣೆಗೆ ಹೋದರು.

ಅವರು ಅತ್ತ ಹೋದದ್ದೇ ತಡ, ಜಡೆಪ್ಪ ಕುರ್ಚಿ ಎಳೆದುಕೊಂಡು ಹತ್ತಿರ ಬಂದ. ಊರವರ ಕೆಲಸ ತಾನೇ ಮಾಡಿಕೊಡಬೇಕೆಂಬ ಉಮೇದಿನವನು ಅವನು. ಎಲ್ಲಿ ಕೈ ಹಾಕಿದರೂ ಒಂದು ಗಂಟು ಹೆಚ್ಚಾಗುತ್ತಿತ್ತು.

"ಅಣ್ಣಾ, ನಿನ್ನ ದೈವ ತೆರೀತು. ಇದಾ ಪಿಚ್ಚರ್ ಬರೋ ಐತ್ವಾರ ಬೆಳಿಗ್ಗೆ ಬಳ್ಳಾರಿ ಕಂಟೋನ್ಮೆಂಟಿನಾಗ ಹಾಕಾಕತ್ಯಾರ. ಹಳೇ ಪಿಚ್ಚರ್ ತೋರಿಸೋ ಸಂಘದವರು, ಪುಗಸಟ್ಟೆ. ಮೇಡಂ ಅವರ ತಂದಿಗೆ ಹಳೇ ಪಿಚ್ಚರ್ ಅಂದ್ರ ಜೀವ ಅಂತ. ಅವರನ್ನ ಕರ್ಕೊಂಡು ಹೋಗಿ ತೋರಿಸು. ಮುದುಕ ಖುಷಿಯಾದ್ರ ಮಗಳು ಖುಷಿ. ಮಗಳು ಖುಷಿಯಾದ್ರ ನಿನ್ನ ಹೆಸರು."

"ನೀನೂ ಅರ್ಜಿ ಹಾಕೀಯಲ್ಲೋ?"

"ನಂದೇನು, ಲೆಕ್ಕಕ್ಕ ಹಾಕಿದ್ದು. ನಿನ್ನ ಸೊಂಟ ಮೊದಲು."

ಹಂಪೇಶನ ಕಣ್ಣು ಒದ್ದೆಯಾಯಿತು. ಸಂಜೆ ಮೇಡಂ ಮುಂದೆ ನಿಂತು, ತಡವರಿಸುತ್ತ ಆಹ್ವಾನ ಕೊಟ್ಟ. ಮೇಡಂ ಕನ್ನಡಕ ತೆಗೆದು ಅವನನ್ನು ಒಂದು ಗಳಿಗೆ ನೋಡಿ, ಬರುತ್ತೇವೆ ಎಂದರು. ಮರುದಿನ ಅವರೇ ಕರೆದು, "ನೀವು ಹೇಳಿದ ಕತಿ ನಮ್ಮಪ್ಪಗ ಹೇಳಿದೆ. ಆ ಮನುಷ್ಯ ರಾತ್ರಿ ನಿದ್ದೀನ ಮಾಡಿಲ್ಲ" ಎಂದರು. ಹಂಪೇಶ ಅದನ್ನು ಶುಭಶಕುನವೆಂದೇ ತಿಳಿದ.

ಪಾರ್ವತಿನಗರದಲ್ಲಿ ಒಂದು ಮನೆಯ ಮಾತು ಎದುರು ಮನೆಗೆ ತಲುಪಲು ಗಂಗಕ್ಕ ಇದ್ದರೆ ಸಾಕು. ಭಾನುವಾರ ಬೆಳಿಗ್ಗೆ ಹಂಪೇಶ ಹೆಂಡತಿ ರೇಣುಕಾಳೊಂದಿಗೆ ಸ್ಕೂಟರು ಹೊರಗೆ ತೆಗೆಯುವ ಹೊತ್ತಿಗೆ ಬೀದಿಯಲ್ಲಿ ಎರಡು ಆಟೋ ನಿಂತಿದ್ದವು. ಗಂಗಕ್ಕ, ಅವಳ ತಂಗಿ, ತಂಗಿಯ ಗಂಡ, ಮೇಲಿನ ಮಹಡಿಯವರು, ಎಲ್ಲ ಸೇರಿ ಹನ್ನೊಂದು ಜನ. ಗಂಗಕ್ಕನ ಮಡಿಲಲ್ಲಿ ಹುರಿದ ಶೇಂಗಾದ ದೊಡ್ಡ ಚೀಲ.

"ಹುಲಿ ಯಾವಾಗ ಬರ್ತೈತಪ್ಪ ಹಂಪೇಶಾ? ಶೇಂಗಾ ಅಲ್ಲೀತನ ಉಳಿಸ್ಕೋಬೇಕು" ಎಂದಳು.

"ಅರ್ಧ ತಾಸಿಗೆ ಬರ್ತೈತಿ ಅಕ್ಕಾ. ಬಂದ ಮ್ಯಾಲೆ ನಿಮಗ ಶೇಂಗಾದ ನೆಪ್ಪಾ ಇರಂಗಿಲ್ಲ."

ರೇಣುಕಾ ಹಿಂದಿನ ಸೀಟಿನಲ್ಲಿ ಕೂರುತ್ತ, "ಏನ್ರೀ, ನಲವತ್ತು ವರ್ಷದ ಮಾತು. ಸ್ವಲ್ಪ ಕಮ್ಮಿ ಹೇಳ್ರಿ" ಎಂದಳು. ಮದುವೆಯಾದಾಗಿನಿಂದ ಅವಳು ಹೇಳುತ್ತಿದ್ದದ್ದು ಅದೊಂದೇ ಬುದ್ಧಿಮಾತು. ಅವನು ಕೇಳದೆ ಉಳಿದದ್ದೂ ಅದೊಂದೇ.

ಸಭಾಂಗಣದ ಬಾಗಿಲಲ್ಲಿ ಜಡೆಪ್ಪ ಮದುವೆ ಮನೆಯ ಬೀಗರಂತೆ ಎಲ್ಲರನ್ನೂ ಒಳಗೆ ಬಿಡುತ್ತಿದ್ದ. ಮೇಡಂ ಬಂದರು. ಅವರ ಜೊತೆ ಅವರ ತಂದೆ ಗವಿಸಿದ್ದಪ್ಪ. ಎಂಬತ್ತು ದಾಟಿದ ದೇಹ, ಬಿಳಿ ಪಂಚೆ, ಕೈಯಲ್ಲಿ ಕೋಲು. ಹಂಪೇಶ ಬಗ್ಗಿ ನಮಸ್ಕರಿಸಲು ಹೋಗಿ, ಬೆಲ್ಟಿನಿಂದಾಗಿ ಅರ್ಧಕ್ಕೇ ನಿಂತ. ಮುದುಕರು ಅವನನ್ನು ತಲೆಯಿಂದ ಕಾಲವರೆಗೆ ನೋಡಿ ಕೇಳಿದರು.

"ಯಾವೂರಾಗ ನೋಡೀದಿ ಇದನ್ನ?"

"ಕುರುಗೋಡಿನಾಗ್ರಿ ಯಜಮಾನ್ರ. ಟೆಂಟಿನಾಗ. ಅಂಥಾ ಪಿಚ್ಚರ್ ಮತ್ತ ಹುಟ್ಟಂಗಿಲ್ರಿ."

ಅವರು "ಹೂಂ" ಎಂದು ಮೊದಲ ಸಾಲಿನಲ್ಲಿ ಕೂತರು, ಹಂಪೇಶನನ್ನು ಪಕ್ಕದಲ್ಲೇ ಕೂರಿಸಿಕೊಂಡರು.

ಸಂಘದ ಕಾರ್ಯದರ್ಶಿ ಶರಣ ಎಂಬ ಅಧ್ಯಾಪಕ. ಆತ ಮೈಕು ಹಿಡಿದು, ಈ ಚಿತ್ರ ಬಿಡುಗಡೆಯಾದಾಗ ಜನ ತಿರಸ್ಕರಿಸಿದರೂ ಪಂಡಿತರು ತಲೆಯ ಮೇಲೆ ಹೊತ್ತರು, ಇಂದು ಇದು ಶ್ರೇಷ್ಠ ಕೃತಿಗಳ ಸಾಲಿನಲ್ಲಿದೆ ಎಂದ. "ಇಲ್ಲಿ ಸರ್ಕಸ್ ಕಾಣಿಸುವುದಿಲ್ಲ. ಸರ್ಕಸ್ಸಿನ ಗೈರುಹಾಜರಿ ಕಾಣಿಸುತ್ತದೆ" ಎಂದೂ ಹೇಳಿದ. ಗಂಗಕ್ಕ ಮೊದಲ ಶೇಂಗಾ ಸುಲಿದಳು.

ಸಿನಿಮಾ ಶುರುವಾಯಿತು. ಒಂದು ಖಾಲಿ ಗುಡಾರ. ಗಾಳಿ. ಬಫೂನು ಮುಖಕ್ಕೆ ಬಣ್ಣ ಹಚ್ಚಿಕೊಂಡು ಕೂತು ಆಲೂಗಡ್ಡೆ ಸುಲಿಯುತ್ತಾನೆ. ಒಂದು ಆಲೂಗಡ್ಡೆ ಮುಗಿಯಿತು. ಎರಡನೆಯದನ್ನು ತೆಗೆದುಕೊಂಡ. ಪ್ರೇಕ್ಷಕರೆಲ್ಲ ಪುಟ್ಟಿಯೊಳಗೆ ಇನ್ನೆಷ್ಟಿವೆ ಎಂದು ಕತ್ತು ಚಾಚಿ ನೋಡಿದರು. ಪುಟ್ಟಿ ತುಂಬಿತ್ತು.

"ಇದಿನ್ನೂ ಸುರು" ಎಂದ ಹಂಪೇಶ ಪಿಸುಮಾತಿನಲ್ಲಿ. "ಈಗ ರಾಣಿ ಬರ್ತಾಳ್ರಿ."

ರಾಣಿ ಬಂದಳು. ಉಯ್ಯಾಲೆ ಹತ್ತಲಿಲ್ಲ. ಅದರ ಹಗ್ಗವನ್ನು ನೋಡುತ್ತ ಕೂತಳು. ಹಗ್ಗ ಕೊಂಚ ಅಲುಗಿತು. ಅವಳು ನಿಟ್ಟುಸಿರು ಬಿಟ್ಟಳು. ಹಿಂದಿನ ಸಾಲಿನಲ್ಲಿ ಗಂಗಕ್ಕನ ತಂಗಿಯ ಗಂಡ ಅದಕ್ಕಿಂತ ದೊಡ್ಡ ನಿಟ್ಟುಸಿರು ಬಿಟ್ಟ.

ಅರ್ಧ ತಾಸಾಯಿತು. ಆನೆಯ ಒಂದು ಕಾಲು ಕಾಣಿಸಿತು. ಉಳಿದ ಆನೆ ಬರಲೇ ಇಲ್ಲ. ಒಮ್ಮೆ ಬ್ಯಾಂಡು ಮೊಳಗಿದಾಗ ಎಲ್ಲರೂ ನೆಟ್ಟಗೆ ಕೂತರು. ಹಂಪೇಶ, "ಬಂತು, ಈಗ ಬಂತು!" ಎಂದು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದ. ಗುಡಾರದ ಹಿಂಭಾಗ ಕಾಣಿಸಿತು. ಅಲ್ಲೊಂದು ಆಡನ್ನು ಕಟ್ಟಿದ್ದರು. ಅದು ಪ್ರೇಕ್ಷಕರನ್ನು ನೋಡಿತು, ಪ್ರೇಕ್ಷಕರು ಅದನ್ನು ನೋಡಿದರು.

"ಹಂಪೇಶಾ, ಇದಾ ಏನಪ್ಪ ನಿನ್ನ ಹುಲಿ?" ಎಂದು ಗಂಗಕ್ಕ ಕೂಗಿದಳು.

ನಗು ಎದ್ದಿತು. ಹಂಪೇಶ ಓರೆಗಣ್ಣಿನಿಂದ ಮೇಡಂ ಕಡೆ ನೋಡಿದ. ಅವರ ಮುಖ ಕಡತದ ಹೊದಿಕೆಯಂತಿತ್ತು, ಒಳಗೇನಿದೆ ತಿಳಿಯದು. ಮುದುಕರಂತೂ ಕೋಲಿನ ಮೇಲೆ ಗದ್ದ ಊರಿ ಕಣ್ಣು ಮಿಟುಕಿಸದೆ ಕೂತಿದ್ದರು. ಬಳ್ಳಾರಿಯ ಸೀಟು ತೆಕ್ಕಲಕೋಟೆ ದಾಟಿ ಹೋಗುತ್ತಿರುವುದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

ಒಂದೂವರೆ ತಾಸಾದಾಗ ಬಫೂನು ಮತ್ತೆ ಆಲೂಗಡ್ಡೆ ಪುಟ್ಟಿಗೆ ಕೈ ಹಾಕಿದ. ಹಂಪೇಶನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಹಿಂದಿನ ಮೇಜಿನತ್ತ ಕೂಗಿದ.

"ಶರಣ ಸಾರ್! ರೀಲು ಕತ್ತರಿಸ್ಯಾರ್ರಿ! ಮೋಟಾರ್ ಸೈಕಲ್ ಬಾವಿ ಎಲ್ಲಿ? ಬೆಂಕಿ ಬಳಿ ಎಲ್ಲಿ? ನಡುವಿನ ಮೂರು ರೀಲು ನುಂಗ್ಯಾರ!"

"ಇದು ಪೆನ್‌ಡ್ರೈವ್ ಕಣ್ರೀ!" ಎಂದ ಶರಣ ಕತ್ತಲೆಯಿಂದಲೇ. "ಎರಡು ತಾಸು ಹನ್ನೊಂದು ನಿಮಿಷ. ಪೂರ್ತಿ ಪ್ರತಿ. ಕುಂದ್ರಿ!"

ಅಷ್ಟರಲ್ಲಿ ಹಂಪೇಶನ ನೆರಳು ಪರದೆಯ ಮೇಲೆ ಬಿದ್ದಿತ್ತು. ಹೊಟ್ಟೆ, ಬೆಲ್ಟು, ಗಾಳಿಯಲ್ಲಿ ಬೀಸುವ ಎರಡು ಕೈ. ಆ ಸಿನಿಮಾ ಶುರುವಾದಾಗಿನಿಂದ ಪರದೆಯ ಮೇಲೆ ಇಷ್ಟು ಚಟುವಟಿಕೆ ಕಂಡದ್ದು ಅದೇ ಮೊದಲು. ಜನ ಚಪ್ಪಾಳೆ ತಟ್ಟಿದರು, ಯಾರೋ ಶಿಳ್ಳೆಯನ್ನೂ ಹಾಕಿದರು. ರೇಣುಕಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಜಡೆಪ್ಪ ಬಂದು ಅವನ ಅಂಗಿ ಹಿಡಿದು ಕೂರಿಸಿ, "ಅಣ್ಣಾ, ಕೆಲಸ ಕೆಟ್ಟತು. ಇನ್ನ ಬಾಯಿ ಬಿಡಬ್ಯಾಡ" ಎಂದು ಕಿವಿಯಲ್ಲಿ ಹೇಳಿದ. ಹಂಪೇಶನ ಎದೆ ಒಡೆದಿತ್ತು. ಸೊಂಟದ ಚಿಂತೆ ಅತ್ತ ಇರಲಿ, ನಲವತ್ತೆರಡು ವರ್ಷ ಎದೆಯಲ್ಲಿಟ್ಟುಕೊಂಡು ಸಾಕಿದ ಹುಲಿಯೇ ಸುಳ್ಳಾಯಿತಲ್ಲ ಎಂಬುದು ಅವನ ಸಂಕಟ. ಹಾಗಾದರೆ ತಾನು ನೋಡಿದ್ದೇನು? ಜ್ವರ ಬಂದಿತ್ತೇ?

ಕೊನೆಗೆ ರಾಣಿ ನಾಲ್ಕು ನಿಮಿಷ ಹಗ್ಗ ನೋಡಿದಳು, ಎದ್ದು ಹೋದಳು, ಸಿನಿಮಾ ಮುಗಿಯಿತು. ದೀಪ ಹತ್ತಿದ ಮೇಲೆ ಗಂಗಕ್ಕನಿಗೆ ಎಚ್ಚರವಾಯಿತು.

"ಹುಲಿ ಬಂತಾ?"

"ಇಲ್ಲ ಅಕ್ಕಾ."

"ಹಂಗಾರ ನನ್ನ ಯಾಕ ಎಬ್ಬಿಸಿದ್ರಿ?"

ಹೊರಗೆ ಬಂದವರೆಲ್ಲ ಹಂಪೇಶನಿಗೆ ಒಂದೊಂದು ಮಾತು ಹೇಳಿಯೇ ಹೋದರು. ಮೇಲಿನ ಮಹಡಿಯವರು, ತಮ್ಮ ಮನೆಯಲ್ಲೂ ಆಲೂಗಡ್ಡೆ ಇವೆ, ನೋಡಲು ಬನ್ನಿ ಎಂದರು. ಅವನು ಮೇಡಂ ಎದುರು ನಿಂತು ಕ್ಷಮೆ ಕೇಳಲು ಬಾಯಿ ತೆರೆದಾಗ ಗವಿಸಿದ್ದಪ್ಪನವರು ಕೋಲೆತ್ತಿ ರಸ್ತೆಯಾಚೆ ತೋರಿಸಿದರು. ಅಲ್ಲೊಂದು ಒಗ್ಗರಣೆ-ಮಿರ್ಚಿ ಅಂಗಡಿ.

"ನನಗ ಹಸಿವ್ಯಾಗೈತಿ. ನಡಿ."

ಅಂಗಡಿಯ ಬೆಂಚಿನ ಮೇಲೆ ಮುದುಕರು ನಡುವೆ, ಒಂದು ಕಡೆ ಮೇಡಂ, ಇನ್ನೊಂದು ಕಡೆ ಹಂಪೇಶ. ಜಡೆಪ್ಪ, ರೇಣುಕಾ ಎದುರಿಗೆ. ಒಗ್ಗರಣೆ ಹಾಕಿದ ಮಂಡಕ್ಕಿ ಬಂತು, ಬಿಸಿ ಮಿರ್ಚಿ ಬಂತು. ಮುದುಕರು ಒಂದು ಮಿರ್ಚಿ ಕಚ್ಚಿ, ನಿಧಾನವಾಗಿ ಅಗಿದು ನುಂಗಿದರು.

"ಈಗ ಹೇಳು. ಈ ಪಿಚ್ಚರ್ ಅಲ್ಲ. ನೀ ನೋಡಿದ್ದು."

"ಬ್ಯಾಡ್ರಿ ಯಜಮಾನ್ರ. ಮರ್ಯಾದಿ ಹೋದದ್ದು ಸಾಕ್ರಿ."

"ಹೇಳಂತೀನಿ."

ಹಂಪೇಶ ಸಪ್ಪೆಯಾಗಿ ಶುರು ಮಾಡಿದ. ಆದರೆ ರಾಣಿ ಉಯ್ಯಾಲೆ ಹತ್ತುವ ಹೊತ್ತಿಗೆ ಅವನ ದನಿ ಏರಿತ್ತು. ಮಾಲೀಕ ಪಂಜರದ ಬಾಗಿಲು ತೆಗೆಯುವಾಗ ಅಂಗಡಿಯವನು ಮಿರ್ಚಿ ಎತ್ತುವ ಜಾರೆಯನ್ನು ಎಣ್ಣೆಯಲ್ಲೇ ಬಿಟ್ಟು ನಿಂತಿದ್ದ. ಆಟೋ ಹತ್ತಿದ್ದ ಗಂಗಕ್ಕ ಇಳಿದು ಬಂದಿದ್ದಳು.

"ಆಮ್ಯಾಲೆ ಬೆಂಕಿ ಬಳಿ, ಹುಲಿ! ಅದು ಮುಗದ ಮ್ಯಾಲೆ ಮೋಟಾರ್ ಸೈಕಲ್..."

"ತಪ್ಪು" ಎಂದರು ಗವಿಸಿದ್ದಪ್ಪ. "ಮೋಟಾರ್ ಸೈಕಲ್ ಮೊದಲು. ಹುಲಿ ಆಮ್ಯಾಲೆ."

ಹಂಪೇಶ ಕೈ ಎತ್ತಿದವನು ಹಾಗೇ ನಿಂತ. ಹೌದು, ಮೋಟಾರ್ ಸೈಕಲ್ಲೇ ಮೊದಲು. "ನಿಮಗ ಹೆಂಗ್ ಗೊತ್ತಾತ್ರಿ?"

"ಯಾಕಂದ್ರ ಅಂಟಿಸಿದಾಂವ ನಾನಾ."

ರೇಣುಕಾ ಬೆಂಚಿನ ಮೇಲೆ ಮುಂದಕ್ಕೆ ಸರಿದಳು.

"ಕುರುಗೋಡಿನ ಟೆಂಟು ನಂದು" ಎಂದರು ಮುದುಕರು. "ಹುಬ್ಬಳ್ಳಿಯಿಂದ ಈ ರೀಲಿನ ಡಬ್ಬಿ ತರಿಸಿದ್ದೆ, ಸರ್ಕಸ್ ಪಿಚ್ಚರ್ ಅಂತ. ಮೊದಲನೇ ಆಟಕ್ಕ ಜನ ಬೆಂಚಿನ ಕಾಲು ಮುರದು ಪರದಿಗೆ ಒಗದ್ರು. ಟೆಂಟು ಮುಚ್ಚೋ ಪಾಳಿ ಬಂತು. ಮರುದಿನ ಕತ್ರಿ ತಗೊಂಡು ಕುಂತೆ. ಆಲೂಗಡ್ಡಿ ಪೂರಾ ಕಿತ್ತೆ. ಸರ್ಕಾರದ ಸುದ್ದಿಚಿತ್ರದಾಗ ಒಂದು ಸರ್ಕಸ್ ಇತ್ತು, ಉಯ್ಯಾಲಿ, ಮೋಟಾರ್ ಸೈಕಲ್ ಎಲ್ಲಾ ಅದರಾಗಿನವು. ಹುಲಿ ಒಂದು ತೆಲುಗು ಪಿಚ್ಚರ್‌ದು, ಬಣ್ಣದ್ದು. ಆ ಹೀರೋಗ ಮೀಸಿ ಇದ್ವು, ನಾ ಏನ್ ಮಾಡ್ಲಿ? ನಮ್ಮ ಜನ ಕೇಳಿದ್ರೇನು? ಒಬ್ಬರೂ ಕೇಳಲಿಲ್ಲ. ನಲವತ್ತೊಂದು ದಿವಸ ಓಡ್ತು."

ಅವರು ಕೋಲನ್ನು ಬೆಂಚಿಗೆ ಒರಗಿಸಿದರು. "ಡಬ್ಬಿ ವಾಪಸ್ ಕೊಡೋ ಮುಂದ ಎಲ್ಲಾ ಬಿಚ್ಚಿ ಮೊದಲಿನಂಗ ಜೋಡಿಸಿ ಕೊಟ್ಟೆ. ನನ್ನ ಪಿಚ್ಚರ್ ಎಲ್ಲಿಯೂ ಉಳಿಲಿಲ್ಲ. ಇಕಿ ಅವ್ವಗ ಹೇಳಿದೆ, ಸಾಯೋತನ ನಂಬಲಿಲ್ಲ. ಇಕಿಗೆ ಹೇಳಿದೆ, ಇಕಿನೂ ನಕ್ಕಳು. ನೀನೊಬ್ಬಾಂವ ಸಾಕ್ಷಿ ಸಿಕ್ಕಿ ನೋಡು ತಮ್ಮಾ."

ಎರಡು ಒಣಗಿದ ಕೈಗಳು ಹಂಪೇಶನ ಕೈಯನ್ನು ಹಿಡಿದುಕೊಂಡವು. ಹುಲಿ ಸುಳ್ಳಲ್ಲ! ಗಂಗಕ್ಕ ಕಣ್ಣೊರೆಸಿಕೊಂಡಳು. ಮೇಡಂ ತಲೆ ತಗ್ಗಿಸಿ, "ನೀವು ಕತಿ ಹೇಳಿದ ದಿವಸಾನ ನನಗ ಮೈ ಜುಮ್ಮಂತು. ಬಾಯಿ ಮುಚಿಗೊಂಡಿರು, ಅಂವ ತಾನಾ ಹೇಳಲಿ ಅಂದಿದ್ರು ಅಪ್ಪ" ಎಂದರು.

ಜಡೆಪ್ಪ ಬೆಂಚಿನ ಕೆಳಗೆ ಹಂಪೇಶನ ಕಾಲು ತುಳಿದ. ಸೀಟು ಸಿಕ್ಕಿತು ಎಂದು ಅದರ ಅರ್ಥ.

"ಹಿಂಗ ಇನ್ನೂ ಹದಿನೆಂಟು ಪಿಚ್ಚರ್ ರಿಪೇರಿ ಮಾಡೀನಿ" ಎಂದರು ಗವಿಸಿದ್ದಪ್ಪ, ಎರಡನೇ ಪ್ಲೇಟಿಗೆ ಕೈ ಹಾಕುತ್ತ. "ಅವನ್ನ ನೋಡೀಯೇನು?"

"ಒಂದೂ ಬಿಟ್ಟಿಲ್ರಿ ಯಜಮಾನ್ರ!" ಎಂದ ಹಂಪೇಶ ಎದೆಯುಬ್ಬಿಸಿ. "ಹದಿನೆಂಟೂ ಕಣ್ಣಾಗ ಅದಾವ್ರಿ!"

ಮುದುಕರ ಮುಖ ಅರಳಿತು. "ಹಂಗಾರ ನಾ ದಿನಾ ಊಟದ ಹೊತ್ತಿಗೆ ನಿಮ್ಮಾಫೀಸಿಗೆ ಬರ್ತೀನಿ, ನಮ್ಮನಿ ಅಲ್ಲೇ ಹತ್ರಾನ ಐತಿ. ದಿನಾ ಇಷ್ಟಿಷ್ಟು ಹೇಳು. ನನಗೂ ಮರತ ಹೋಗ್ಯಾವ. ನೀ ಸಿರುಗುಪ್ಪ ಬಿಟ್ಟು ಎಲ್ಲಿಗೂ ಹೋಗಂಗಿಲ್ಲಲ್ಲ?"

ಹಂಪೇಶ ಮೇಡಂ ಕಡೆ ನೋಡಿದ. ಮೇಡಂ ಕೈಚೀಲದಿಂದ ಒಂದು ಲಕೋಟೆ ತೆಗೆದಿದ್ದರು.

"ನಾಳೆ ಬಳ್ಳಾರಿಗೆ ಕಳಿಸೋ ಪತ್ರ ಇದು. ಸೀನಿಯಾರಿಟಿ ಪ್ರಕಾರ ನಿಮ್ಮ ಹೆಸರು ಬರದು ಬುಧವಾರಾನ ಸಹಿ ಮಾಡೀನಿ. ಈ ಪಿಚ್ಚರ್ ಮಾತು ಬರೋದಕ್ಕಿಂತ ಒಂದು ದಿವಸ ಮೊದಲು." ತಂದೆಯ ಪ್ಲೇಟಿನತ್ತ ನೋಡಿ ಹೇಳಿದರು, "ನಮ್ಮವ್ವ ಹೋದ ಮ್ಯಾಲೆ ಅಪ್ಪ ಎರಡು ಪ್ಲೇಟ್ ತಿಂದದ್ದು ಇವತ್ತಾ. ಆದ್ರೂ ನನ್ನ ಬಲವಂತ ಏನಿಲ್ಲ ಹಂಪೇಶ. ನೀವಾ ಹೇಳ್ರಿ. ಕಳಿಸ್ಲೋ ಬ್ಯಾಡೋ?"

ಮುದುಕರು ಕೈ ಬಿಟ್ಟಿರಲಿಲ್ಲ. ಹುಟ್ಟುಹಬ್ಬಕ್ಕೆ ಹೊಸ ಅಂಗಿ ತರುತ್ತಾರೋ ಇಲ್ಲವೋ ಎಂದು ಬಾಗಿಲು ಕಾಯುವ ಕೂಸಿನಂತೆ ಅವನ ಬಾಯನ್ನೇ ನೋಡುತ್ತಿದ್ದರು. ಹಂಪೇಶನ ಸೊಂಟ ಒಂದು ಮಾತು ಹೇಳಬೇಕೆಂದಿತ್ತು. ಅದಕ್ಕೆ ಮೊದಲು ಅವನ ನಾಲಿಗೆ ಹೇಳಿಬಿಟ್ಟಿತು.

"ನಾ ಎಲ್ಲಿಗೆ ಹೋಗ್ಲಿ ಬಿಡ್ರಿ ಮೇಡಂ. ಸಿರುಗುಪ್ಪದಾಗ ಏನ್ ಕಮ್ಮಿ ಆಗೈತಿ ನನಗ."

ಜಡೆಪ್ಪ ಮಿರ್ಚಿ ಕೆಳಗಿಟ್ಟ. ಬಹಳ ವಿನಯದಿಂದ ಕೇಳಿದ.

"ಹಂಗಾರ ಆ ಸೀಟು ಸುಮ್ಮನ ಖಾಲಿ ಹೋಗ್ತೈತಲ್ರಿ ಮೇಡಂ? ಪಟ್ಟಿಯಾಗ ಎರಡನೇ ಹೆಸರು ಯಾರದೈತ್ರಿ?"

"ನಿಮ್ಮದಾ" ಎಂದರು ಮೇಡಂ.

ಮಧ್ಯಾಹ್ನ ಸ್ಕೂಟರು ಪಾರ್ವತಿನಗರದ ಕಡೆ ತಿರುಗಿದಾಗ ಹಂಪೇಶ ರೇಣುಕಾಳ ಬೈಗುಳಕ್ಕೆ ಕಾದಿದ್ದ. ಆದರೆ ಅವಳು ಅವನ ಬೆನ್ನಿಗೆ ಕೈಯಿಟ್ಟು, "ಹೋಗ್ಲಿ ಬಿಡ್ರಿ. ಮುದುಕರ ಮಾರಿ ನೋಡಿ ನನಗೂ ಕರಳು ಚುರ್ ಅಂತು. ಹದಿನೆಂಟು ಪಿಚ್ಚರ್ ಏನ್ ಮಹಾ, ಆರು ತಿಂಗಳಿನಾಗ ಹೇಳಿ ಮುಗಸ್ತೀರಿ. ಆಮ್ಯಾಲೆ ಮತ್ತ ಅರ್ಜಿ ಹಾಕಿದ್ರಾತು" ಎಂದಳು.

ಹಂಪೇಶ ಸ್ಕೂಟರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ.

"ಯಾಕ್ರೀ? ಸೊಂಟ ಹಿಡೀತೇನು?"

"ರೇಣುಕಾ," ಎಂದ ಅವನು, ಹಿಂದೆ ತಿರುಗದೆ. "ಆ ಟೆಂಟಿಗೆ ನಮ್ಮಪ್ಪ ನನ್ನ ಒಂದಾ ಸಲ ಕಳಿಸಿದ್ದು."

"ಅಂದ್ರ?"

"ನಾ ಅಲ್ಲಿ ನೋಡಿದ್ದು ಇದೊಂದಾ ಪಿಚ್ಚರ್."